ಕೋಡಿಯಲ್ಲಿ ಕಟ್ಟಿದ ಬೋಟು

ಕುಂದಾಪುರ
12 ಸೆಪ್ಟೆಂಬರ್ 2024

ಶಾಂತಾ,

ನೀನು ಹೇಳಿದ ಹಾಗೇ ಕಾಗದ ಬರೆಯುತ್ತಿದ್ದೇನೆ. ಎರಡು ಫೋನು ನೀರಿಗೆ ಬಿದ್ದ ಮೇಲೆ ಮೂರನೆಯದು ಕೊಡಿಸುವುದಿಲ್ಲ ಎಂದು ನೀನು ಹೇಳಿದೆ, ನಾನು ಒಪ್ಪಿದೆ. ಆದರೆ ಹೊರಡುವಾಗ ‘ಫೋನಲ್ಲಿ ನೀವು ಬರೀ ಹೂಂ ಅಂತೀರ, ಕಾಗದದಲ್ಲಿ ಹೂಂ ಅಂತ ಬರ್ದು ಕಳ್ಸೋಕಾಗಲ್ಲ’ ಎಂದೆಯಲ್ಲ, ಅದು ದಾರಿಯುದ್ದಕ್ಕೂ ಚುಚ್ಚಿತು. ಇಪ್ಪತ್ತೆರಡು ವರ್ಷ ಕೆರೆ ಬೋಟಿಂಗ್‌ನಲ್ಲಿ ಮೈಕ್ ಹಿಡಿದು ‘ಹದಿನಾಲ್ಕನೇ ನಂಬರ್, ಟೈಮ್ ಆಯ್ತು, ವಾಪಸ್ ಬನ್ನಿ’ ಎಂದು ಕೂಗಿದವನಿಗೆ ಮಾತು ಬರುವುದಿಲ್ಲವೆ?

ಬೋಟು ಚೆನ್ನಾಗಿದೆ. ಹಳೇ ಮರದ್ದು, ಮೀನು ಹಿಡಿಯುತ್ತಿದ್ದದ್ದು. ನಡುವೆ ಒಂದು ಕೋಣೆ ಕಟ್ಟಿಸಿದ್ದೇನೆ. ಇಬ್ಬರು ಮಲಗಬಹುದು, ಮೂಲೆಯಲ್ಲಿ ಒಲೆ, ಅದರ ಮೇಲೆ ಎರಡು ಹಲಗೆ. ನಿನ್ನ ಸಾರಿನ ಪುಡಿ ಡಬ್ಬಿ ಇಡಲು ಅಳತೆ ಮಾಡಿಯೇ ಹಲಗೆ ಹೊಡೆಸಿದ್ದು. ಹೆಸರು ‘ಪಟಾಲಮ್ಮ’ ಎಂದು ಬರೆಸಿದೆ. ನಮ್ಮೂರ ದೇವತೆಯ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ, ನನ್ನ ಹೆಂಡತಿ ಹೆಸರು ಎಂದುಕೊಂಡಿದ್ದಾರೆ.

ಬೋಟನ್ನು ಕೋಡಿಯಲ್ಲಿ ಕಟ್ಟಿದ್ದೇನೆ. ಎದುರಿಗೇ ಅತಾವುಲ್ಲಾ ಎಂಬವರ ಐಸ್ ಅಂಗಡಿ. ಕಾಗದ ಅವರ ವಿಳಾಸಕ್ಕೇ ಹಾಕು.

ನಮ್ಮ ಮಾತು ನೆನಪಿದೆ ತಾನೆ? ದೀಪಾವಳಿಗೆ ನೀನು ಬರುತ್ತೀಯ. ಹತ್ತು ದಿನ ಬೋಟಿನಲ್ಲಿ ಇರುತ್ತೀಯ. ಆಮೇಲೂ ಬೇಡ ಎಂದರೆ ಬೋಟು ಮಾರಿ ಯಲಹಂಕಕ್ಕೆ ಬರುತ್ತೇನೆ, ಮತ್ತೆ ನೀರಿನ ಹೆಸರು ಎತ್ತುವುದಿಲ್ಲ.

ನಿನ್ನ
ಬಾಲರಾಜು

---

ಯಲಹಂಕ, ಹಳೇ ಊರು
17 ಸೆಪ್ಟೆಂಬರ್ 2024

ಇವರಿಗೆ,

ಕಾಗದ ಸಿಕ್ಕಿತು. ‘ಬೋಟನ್ನು ಕೋಡಿಯಲ್ಲಿ ಕಟ್ಟಿದ್ದೇನೆ’ ಎನ್ನುವ ಸಾಲಿಗೆ ಬಂದು ನಿಂತವಳು ಮುಂದೆ ಓದಲಿಲ್ಲ. ನಿಮಗೆ ಬುದ್ಧಿ ನೆಟ್ಟಗಿದೆಯಾ? ಕೆರೆ ತುಂಬಿದಾಗ ನೀರು ಹೊರಕ್ಕೆ ಧುಮುಕುವ ಜಾಗದಲ್ಲಿ ಯಾರಾದರೂ ಬೋಟು ಕಟ್ಟುತ್ತಾರಾ? ಆ ಪದ ಬರೆಯುವಾಗ ಏನೂ ನೆನಪಾಗಲಿಲ್ಲವಾ?

ನನ್ನ ತಮ್ಮ ಗಿರಿ ಹೋದದ್ದು ಕೋಡಿಯಲ್ಲಿ. ಇಪ್ಪತ್ತೆಂಟು ವರ್ಷ ಆಯಿತು. ನೀವು ಭಾವ ಭಾವಮೈದ ಸೇರಿ ನಾಲ್ಕು ಡ್ರಮ್ಮು ಬಿಗಿದು ತೆಪ್ಪ ಮಾಡಿದಿರಿ, ಕೆರೆ ಮೇಲೇ ಮನೆ ಕಟ್ಟುತ್ತೇವೆ ಎಂದು ಕುಣಿದಿರಿ. ಕುಡಿದ ಮತ್ತಿನಲ್ಲಿ ತಾನೇ ಹಗ್ಗ ಬಿಚ್ಚಿಕೊಂಡು ಹೋದ ಎಂದು ಊರೆಲ್ಲ ಅಂದಿತು. ಆವತ್ತಿನಿಂದ ಅಮ್ಮ ಮಗನ ಹೆಸರು ಹೇಳುವಾಗ ದನಿ ತಗ್ಗಿಸುತ್ತಾಳೆ. ಮೊನ್ನೆ ಗಂಗಾನಗರಕ್ಕೆ ಹೋಗಿದ್ದೆ. ತಂಗಿ ಮನೆಯಲ್ಲಿರುವ ಅಮ್ಮನದು ಅದೇ ಮಾತು, ‘ನಾನ್ ಎತ್ತ ಮಗ ಕುಡ್ದು ಸತ್ತ ಕಣವ್ವ’ ಎಂದಳು.

ಆಮೇಲೆ ನೀವು ಬೋಟಿಂಗ್ ಕಾಂಟ್ರಾಕ್ಟ್ ಹಿಡಿದಿರಿ, ನಾನು ಟಿಕೆಟ್ ಹರಿದುಕೊಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ಬೋಟಿಗೆ ಕಾಲಿಟ್ಟಿಲ್ಲ. ಕರೆದಾಗಲೆಲ್ಲ ‘ಕೌಂಟರ್ ಬಿಟ್ ಬರೋಕಾಗಲ್ಲ’ ಎಂದೆ. ಈಗ ಕೌಂಟರೂ ಇಲ್ಲ, ನೆಪವೂ ಇಲ್ಲ.

ಇವತ್ತೇ ಬೋಟು ಅಲ್ಲಿಂದ ಬಿಚ್ಚಿ ಬೇರೆ ಕಡೆ ಕಟ್ಟಿ. ಕಟ್ಟಿದ ಮೇಲೆ ಬರೆಯಿರಿ.

ಶಾಂತಲಾ

---

ಕೋಡಿ
21 ಸೆಪ್ಟೆಂಬರ್ 2024

ಶಾಂತಾ,

ನಿನ್ನ ಕಾಗದ ಓದಿ ಮೊದಲು ಹೆದರಿದೆ, ಆಮೇಲೆ ನಗು ಬಂತು. ಇಲ್ಲಿ ಕೋಡಿ ಎಂದರೆ ನಮ್ಮ ಕೆರೆಯ ಕೋಡಿ ಅಲ್ಲ. ಅದು ಊರಿನ ಹೆಸರು. ನದಿ ಸಮುದ್ರ ಸೇರುವ ಕಡೆ ಮರಳಿನ ನೆಲ ಉದ್ದಕ್ಕೆ ಚಾಚಿಕೊಂಡಿರುತ್ತದಲ್ಲ, ಅದಕ್ಕೆ ಈ ಕಡೆ ಕೋಡಿ ಎನ್ನುತ್ತಾರೆ. ಮನೆ, ಮಸೀದಿ, ದೇವಸ್ಥಾನ, ಶಾಲೆ ಎಲ್ಲ ಇದೆ. ನಾನು ಬೋಟು ಕಟ್ಟಿರುವುದು ಒಳಗೆ, ಹಿನ್ನೀರಿನಲ್ಲಿ. ಅಲೆ ಇಲ್ಲ, ಸೆಳೆತ ಇಲ್ಲ.

ಇನ್ನು ಕಟ್ಟುವ ವಿಷಯ. ಹಗ್ಗದಲ್ಲಿ ನನಗೆ ಬುದ್ಧಿ ಹೇಳಬೇಡ. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಒಂದು ಬೋಟು ತಾನಾಗಿ ಬಿಚ್ಚಿಕೊಂಡದ್ದು ಉಂಟಾ? ಒಂದು ಮೊಳಕ್ಕಿಂತ ಹೆಚ್ಚು ಹಗ್ಗ ಬಿಡುವವನಲ್ಲ ನಾನು. ಬೋಟು ಕಂಬಕ್ಕೆ ಅಂಟಿಕೊಂಡು ನಿಲ್ಲಬೇಕು. ಅತಾವುಲ್ಲಾ ನೋಡಿ ನಗುತ್ತಾರೆ, ‘ದನ ಕಟ್ಟುದಾ ಮಾರಾಯ್ರೆ’ ಎನ್ನುತ್ತಾರೆ. ನಗಲಿ. ದಿನಕ್ಕೆರಡು ಸಲ ನೀರು ಏರಿ ಇಳಿಯುತ್ತದೆ ಎಂದೂ ಹೇಳಿದರು. ನಾನು ಬಂದಾಗಿನಿಂದ ನೋಡುತ್ತಿದ್ದೇನೆ, ನನ್ನ ಹಗ್ಗಕ್ಕೇನೂ ಆಗಿಲ್ಲ.

ಗಿರಿಯ ವಿಷಯ ಬರೆದೆ. ಅದಕ್ಕೆ ಏನು ಬರೆಯಲಿ. ಆದದ್ದು ಆಗಿಹೋಯಿತು.

ಬಾಲರಾಜು

---

ಯಲಹಂಕ
29 ಸೆಪ್ಟೆಂಬರ್ 2024

ಇವರಿಗೆ,

ಕೋಡಿ ಎಂದರೆ ಊರು ಎಂದು ತಿಳಿದು ಸಮಾಧಾನವಾಯಿತು. ಹೆಸರಿಡಲು ಬೇರೆ ಪದ ಸಿಗಲಿಲ್ಲವಾ ಅವರಿಗೆ.

ಇತ್ತೀಚೆಗೆ ಬೆಳಗ್ಗೆ ಹೊತ್ತು ನನಗೆ ಸ್ವಲ್ಪ ಕೆಲಸ ಇರುತ್ತದೆ, ಅದಕ್ಕೇ ಬರೆಯುವುದು ತಡವಾಯಿತು. ಮೂರು ವಿಷಯ ಕೇಳಬೇಕು. ಬೋಟು ಕಟ್ಟಿದ ಕಡೆ ನೀರು ಎಷ್ಟು ಆಳ? ಬೋಟಿನಿಂದ ದಡಕ್ಕೆ ಎಷ್ಟು ದೂರ? ಹಲಗೆ ಹಾಕಿ ಹತ್ತುವುದಾ, ಇಲ್ಲ ನೀರಿಗಿಳಿದು ಹತ್ತಬೇಕಾ? ಸರಿಯಾಗಿ ಅಳೆದು ಬರೆಯಿರಿ, ಅಂದಾಜು ಬೇಡ.

ಪಿತೃಪಕ್ಷದ ಅಮಾವಾಸ್ಯೆ ಬುಧವಾರ. ಇಲ್ಲಿ ನಾನು ಎಡೆ ಇಡುತ್ತೇನೆ. ನೀವೂ ಒಂದು ಎಲೆ ಹಾಕಿ.

ಶಾಂತಲಾ

---

ಕೋಡಿ
6 ಅಕ್ಟೋಬರ್ 2024

ಶಾಂತಾ,

ಕ್ಷೇಮ. ಹಾಳೆ ನೋಡಿ ಬೇಜಾರು ಮಾಡಿಕೊಳ್ಳಬೇಡ, ಅತಾವುಲ್ಲಾ ಅಂಗಡಿಯ ಬಿಲ್ ಪುಸ್ತಕದ್ದು. ನನ್ನ ನೋಟ್‌ಬುಕ್ ಮುಗಿಯಿತು.

ನೀರು ಆಳವೇನಿಲ್ಲ. ದಡ ಹತ್ತಿರವೇ. ನಿನಗೆ ಭಯ ಎಂದು ಗೊತ್ತು, ಅದಕ್ಕೇ ಇಷ್ಟೆಲ್ಲ ಕೇಳುತ್ತೀಯ. ಭಯ ಪಡುವಂಥದ್ದು ಇಲ್ಲಿ ಏನೂ ಇಲ್ಲ.

ಒಂದು ಸಣ್ಣ ಪಾರ್ಸೆಲ್ ಕಳಿಸಬೇಕಲ್ಲ. ಬಿ.ಪಿ. ಮಾತ್ರೆ ಎರಡು ತಿಂಗಳದ್ದು. ಹಳೇ ಕನ್ನಡಕ, ಬೀರುವಿನ ಕೆಳಗಿನ ಖಾನೆಯಲ್ಲಿದೆ. ಎರಡು ಹೊದಿಕೆ. ನನ್ನ ಎರಡು ಪ್ಯಾಂಟು, ಮೂರು ಅಂಗಿ, ಒಳಬಟ್ಟೆ. ಆಧಾರ್ ಕಾರ್ಡಿನ ಜೆರಾಕ್ಸ್. ಸಾರಿನ ಪುಡಿ ಇನ್ನೊಂದು ಡಬ್ಬಿ. ನಮ್ಮ ಮದುವೆ ಫೋಟೋದ ಕಾಪಿ ಇನ್ನೊಂದು ಇದ್ದರೆ ಅದನ್ನೂ.

ಇಲ್ಲಿ ಚಳಿ ಜಾಸ್ತಿ ಅದಕ್ಕೆ. ಮಿಕ್ಕಂತೆ ಎಲ್ಲ ಸುಖ. ದೀಪಾವಳಿಗೆ ದಿನ ಎಣಿಸುತ್ತಿದ್ದೇನೆ.

ಬಾಲರಾಜು

---

ಕೋಡಿ
14 ಅಕ್ಟೋಬರ್ 2024

ಶಾಂತಲಾ,

ಪಾರ್ಸೆಲ್ ಬಂತು. ಒಳಗೆ ಒಂದು ಸಾಲು ಕಾಗದ ಇರಲಿಲ್ಲ. ಯಾಕೆಂದು ನಿನ್ನೆ ಗೊತ್ತಾಯಿತು.

ನಮ್ಮ ಚಿಕ್ಕಪ್ಪನ ಮಗ ಆವಲಪ್ಪ ಕೊಲ್ಲೂರಿಗೆ ಬಂದವನು ಇಲ್ಲಿಗೂ ಬಂದಿದ್ದ. ‘ಅತ್ತಿಗೆ ದಿನಾ ಬೆಳಗ್ಗೆ ಆರಕ್ಕೆಲ್ಲ ಬ್ಯಾಗ್ ತಗೊಂಡು ಆಟೋ ಹತ್ತುತ್ತಾರಣ್ಣ, ಮತ್ತಿಕೆರೇಲಿ ಇಳಿಯೋದ ನಾನೇ ನೋಡ್ದೆ, ಯಾವ್ದೋ ಪಿ.ಜಿ. ಅಡುಗೆಗೆ ಸೇರ್ಕೊಂಡವ್ರೆ ಅನ್ಸುತ್ತೆ’ ಎಂದ. ಅವನ ಮುಂದೆ ನಕ್ಕು ಕಳಿಸಿದೆ. ಅವನು ಹೋದ ಮೇಲೆ ನೀರು ನೋಡುತ್ತ ಕೂತೆ.

ಕಾಲೇಜು ಹುಡುಗರಿಗೆ ಚಿತ್ರಾನ್ನ ಕಲೆಸಬೇಕಾದ ಗತಿ ನಮಗೆ ಬಂದಿಲ್ಲ. ಹಾಗಿದ್ದ ಮೇಲೆ ಕೆಲಸಕ್ಕೆ ಯಾಕೆ ಸೇರಿದೆ ಎಂದು ನನಗೆ ಅರ್ಥವಾಗುತ್ತದೆ. ದೀಪಾವಳಿ ಹೊತ್ತಿಗೆ ‘ರಜ ಕೊಡ್ತಿಲ್ಲ ಕಣ್ರೀ’ ಎನ್ನಬಹುದು. ಕೌಂಟರ್ ಹೋಯಿತು, ಇನ್ನೊಂದು ಕೌಂಟರ್ ಹುಡುಕಿಕೊಂಡೆ. ಬರುವುದಿಲ್ಲ ಎಂದು ಮೊದಲೇ ಬಾಯಿಬಿಟ್ಟು ಹೇಳಿದ್ದರೆ ನಾನೊಬ್ಬ ಹುಚ್ಚನ ಹಾಗೆ ಹಲಗೆ ಹೊಡೆಸುತ್ತಿರಲಿಲ್ಲ. ಮುಚ್ಚಿಡುವುದು ನಿನಗೆ ಇಷ್ಟು ಚೆನ್ನಾಗಿ ಬರುತ್ತದೆ ಎಂದು ಗೊತ್ತಿರಲಿಲ್ಲ.

ಬಾಲರಾಜು

---

ಯಲಹಂಕ
18 ಅಕ್ಟೋಬರ್ 2024

ಇವರಿಗೆ,

ಮುಚ್ಚಿಡುವ ಮಾತು ನೀವು ಎತ್ತಿದ್ದು ಒಳ್ಳೆಯದಾಯಿತು.

ನಿಮ್ಮ ಪಟ್ಟಿ ಓದಿದ ದಿನವೇ ನನಗೆ ಗೊತ್ತಾಯಿತು, ಬೋಟು ಮುಳುಗಿದೆ. ಮಾತ್ರೆ, ಕನ್ನಡಕ, ಹೊದಿಕೆ, ಪ್ಯಾಂಟು, ಆಧಾರ್, ಸಾರಿನ ಪುಡಿ, ಮದುವೆ ಫೋಟೋ. ಚಳಿಗೆ ಯಾರಾದರೂ ಮದುವೆ ಫೋಟೋ ಹೊದ್ದುಕೊಳ್ಳುತ್ತಾರಾ? ಮಾತ್ರೆ ಡಿಸೆಂಬರ್‌ವರೆಗೆ ಆಗುವಷ್ಟು ನಾನೇ ಕಟ್ಟಿ ಕಳಿಸಿದ್ದೆ. ಇನ್ನೂರು ಪುಟದ ನೋಟ್‌ಬುಕ್ ಎರಡು ಕಾಗದಕ್ಕೆ ಮುಗಿಯಿತಾ? ಬಿಲ್ ಹಾಳೆಯ ಮೇಲಿದ್ದ ಐಸ್ ಅಂಗಡಿ ನಂಬರಿಗೆ ಫೋನ್ ಮಾಡಿದೆ. ಅತಾವುಲ್ಲಾ ‘ಈಗ ಹುಷಾರುಂಟು ಅಮ್ಮ, ಜ್ವರ ಬಿಟ್ಟಿದೆ’ ಎಂದರು. ಯಾವ ಜ್ವರ ಎಂದು ಕೇಳಿದೆ. ‘ಅವ್ರೇ ಬರೀತಾರೆ’ ಎಂದು ಇಟ್ಟರು. ಅದಕ್ಕೇ ಪಾರ್ಸೆಲ್‌ನಲ್ಲಿ ಕಾಗದ ಇಡಲಿಲ್ಲ. ನೀವು ಬರೆಯುತ್ತೀರೇನೋ ಎಂದು ಕಾದೆ. ನೀವು ಬರೆದದ್ದು ಪಿ.ಜಿ. ಕಥೆ.

ಈಗ ಮತ್ತಿಕೆರೆ ವಿಷಯ ಕೇಳಿ. ಅಲ್ಲೊಂದು ಈಜುಕೊಳ ಇದೆ. ಬೆಳಗ್ಗೆ ಆರೂವರೆಗೆ ಹೆಂಗಸರ ಬ್ಯಾಚು. ಸೆಪ್ಟೆಂಬರ್ ಇಪ್ಪತ್ತಕ್ಕೆ ಸೇರಿದೆ. ಐವತ್ತೊಂದು ವರ್ಷಕ್ಕೆ ಮೊಣಕಾಲು ಮುಚ್ಚುವ ಕಪ್ಪು ನೈಲಾನ್ ಬಟ್ಟೆ ಹಾಕಿಕೊಂಡು, ಕಾಲೇಜು ಹುಡುಗಿಯರ ಮಧ್ಯೆ ಕಂಬಿ ಹಿಡಿದು ನಿಲ್ಲುತ್ತೇನೆ. ಹೇಳಿಕೊಡುವವಳು ಮೋನಿಷಾ ಎಂಬ ಹುಡುಗಿ. ‘ಕಂಬಿ ಬಿಡಿ ಆಂಟಿ, ನಾನಿದೀನಿ’ ಎನ್ನುತ್ತಾಳೆ. ಮೊದಲ ವಾರ ಮುಖಕ್ಕೆ ನೀರು ತಾಗಿದರೆ ಗಿರಿಯೇ ಕಣ್ಣಿಗೆ ಬರುತ್ತಿದ್ದ. ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ. ಆಳ ಎಷ್ಟು, ದಡ ಎಷ್ಟು ದೂರ ಎಂದು ನಾನು ಕೇಳಿದ್ದು ಅಷ್ಟು ದೂರ ಈಜಲು ಕಲಿತೇ ಬರೋಣ ಎಂದು. ದೀಪಾವಳಿಗೆ ನಿಮ್ಮ ಮುಂದೆ ಈಜಿ ತೋರಿಸಬೇಕು ಎಂದಿತ್ತು. ಅದನ್ನೂ ನಿಮ್ಮ ತಮ್ಮ ಚಿತ್ರಾನ್ನ ಮಾಡಿಬಿಟ್ಟ.

ದೀಪಾವಳಿಗೆ ಇನ್ನು ಎರಡು ವಾರ ಇಲ್ಲ. ಅವತ್ತು ಬೋಟಿಗೆ ಏನಾಯಿತು, ಯಾಕಾಯಿತು, ಒಂದಕ್ಷರ ಬಿಡದೆ ಬರೆಯಿರಿ. ಬರೆಯದಿದ್ದರೆ ನಾನು ಬರುವುದಿಲ್ಲ.

ಶಾಂತಲಾ

---

ಕೋಡಿ
22 ಅಕ್ಟೋಬರ್ 2024

ಶಾಂತಾ,

ತಪ್ಪಾಯಿತು. ಈಜುಕೊಳದ ಸಾಲುಗಳನ್ನು ಎಷ್ಟು ಸಲ ಓದಿದೆನೋ. ನಿನಗೆ ಆ ಮಾತು ಬರೆದ ಕೈ ಮುರಿದುಹೋಗಲಿ.

ಆದದ್ದು ಹೀಗೆ. ಅಮಾವಾಸ್ಯೆ ಬೆಳಗ್ಗೆ ಬೇಗ ಬೋಟು ತೆಗೆದು ಒಂದು ಸುತ್ತು ಹೋಗಿಬಂದೆ. ಬಂದಾಗ ನೀರು ಬಹಳ ಇಳಿದಿತ್ತು. ಅದುವರೆಗೆ ಕಂಬಕ್ಕೇ ಸುತ್ತಿ ಕಟ್ಟುತ್ತಿದ್ದೆ, ಹಗ್ಗ ನೀರಿನ ಜೊತೆ ಏರಿಳಿಯುತ್ತಿತ್ತು. ಅವತ್ತು ಕಂಬದ ಬುಡದಲ್ಲಿರುವ ಕಬ್ಬಿಣದ ಬಳೆಗೆ ಬಿಗಿಯಾಗಿ, ಎಂದಿನಂತೆ ಒಂದು ಮೊಳ ಹಗ್ಗದಲ್ಲಿ, ಎರಡೂ ಕಡೆ ಕಟ್ಟಿದೆ. ಎಲೆ ಹಾಕಿ ಎಡೆ ಇಟ್ಟೆ. ಮೈಭಾರ ಅನ್ನಿಸಿ ಬಾಗಿಲು ಎಳೆದುಕೊಂಡು ಮಲಗಿದೆ. ಅಮಾವಾಸ್ಯೆ ಹುಣ್ಣಿಮೆಗೆ ಇಲ್ಲಿ ನೀರು ಆಳುದ್ದ ಏರುತ್ತದಂತೆ. ಕೆರೆ ನೀರು ಇದ್ದಲ್ಲೇ ಇರುತ್ತದೆ, ಅದೊಂದೇ ನನಗೆ ಗೊತ್ತಿದ್ದದ್ದು. ನೀರು ಏರಿತು, ಬೋಟು ಏರಲು ಹಗ್ಗ ಬಿಡಲಿಲ್ಲ. ಕಂಬದ ಕಡೆಗೆ ವಾಲಿ ಅಂಚಿನ ಮೇಲೆ ನೀರು ನುಗ್ಗಿತು. ನನಗೆ ಎಚ್ಚರವಾದಾಗ ಎದೆಮಟ್ಟ ನೀರು, ಬಾಗಿಲು ತೆರೆಯುತ್ತಿಲ್ಲ. ಕಿಟಕಿಯಲ್ಲಿ ಮುಖ ಇಟ್ಟು ಕೂಗಿದೆ. ಅತಾವುಲ್ಲಾ ಐಸ್ ಒಡೆಯುವ ಕತ್ತಿ ಹಿಡಿದೇ ಓಡಿಬಂದು ಹಗ್ಗ ಕಡಿದರು. ಬೋಟು ಒಂದು ಸಲ ಮೇಲಕ್ಕೆ ಹಾರಿತು, ಅಷ್ಟರಲ್ಲಿ ಕಿಟಕಿಯಿಂದ ನನ್ನನ್ನು ಎಳೆದುಕೊಂಡರು. ಆಮೇಲೆ ಅದು ನಿಧಾನಕ್ಕೆ ತಳಕ್ಕೆ ಕೂತಿತು. ಸಂಜೆ ನೀರು ಇಳಿದ ಮೇಲೆ ಐದಾರು ಜನ ಸೇರಿ ಎತ್ತಿದರು. ‘ಹಗ್ಗ ಇಷ್ಟ್ ಗಿಡ್ಡ ಕಟ್ಟುದಾ ಮಾರಾಯ್ರೆ? ಎಂಥಕ್ಕೆ ಅಷ್ಟು ಹೆದ್ರಿಕೆ ನಿಮ್ಗೆ?’ ಎಂದು ಅತಾವುಲ್ಲಾ ಕೇಳಿದರು.

ಆ ಪ್ರಶ್ನೆಗೆ ಉತ್ತರ ನಿನಗೆ ಕೊಡಬೇಕಾದದ್ದು. ಒಂದಕ್ಷರ ಬಿಡದೆ ಎಂದಿದ್ದೀಯ.

ಗಿರಿ ಹಗ್ಗ ಬಿಚ್ಚಲಿಲ್ಲ. ತೆಪ್ಪವನ್ನು ಏರಿಯ ಹೊಂಗೆಮರಕ್ಕೆ ಕಟ್ಟಿದವನು ನಾನು. ಅವನು ಊಟ ಮಾಡಿ ತೆಪ್ಪದ ಮೇಲೆ ಮಲಗಿದ್ದ. ನಾನು ಬೆಂಕಿಪೊಟ್ಟಣ ತರಲು ಹೊರಟೆ. ಐದು ನಿಮಿಷದ ಕೆಲಸ ತಾನೆ ಎಂದು ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿದೆ. ಅಂಗಡಿಯಲ್ಲಿ ಮಾತಿಗೆ ನಿಂತು ಅರ್ಧ ಗಂಟೆ ಮಾಡಿದೆ. ಕೆರೆ ತುಂಬಿ ಕೋಡಿ ಹರಿಯುತ್ತಿದ್ದ ದಿನ. ವಾಪಸ್ ಬಂದಾಗ ಹಗ್ಗ ಮರದಲ್ಲಿ ನೇತಾಡುತ್ತಿತ್ತು. ತೆಪ್ಪ ಇರಲಿಲ್ಲ.

ಅವನು ಕುಡಿದಿರಲಿಲ್ಲ. ದಡದಲ್ಲಿ ಯಾರದೋ ಖಾಲಿ ಬಾಟಲಿ ಬಿದ್ದಿತ್ತು. ‘ಕುಡ್ದು ತಾನೇ ಬಿಚ್ಕೊಂಡಿರ್ತಾನೆ’ ಎಂದು ನಮ್ಮ ಬೀದಿಯ ಮುನಿವೆಂಕಟಯ್ಯ ಮೊದಲು ಅಂದದ್ದು. ಪೊಲೀಸಿನವರು ನನ್ನ ಕಡೆ ತಿರುಗಿ ಹೌದಾ ಎಂದರು. ನಾನು ಹೂಂ ಎಂದೆ.

ಮದುವೆಯಾಗಿ ಎರಡು ವರ್ಷ ಆಗಿತ್ತು. ಹೇಳಿದರೆ ನೀನು ಬಿಟ್ಟುಹೋಗುತ್ತೀಯ ಎಂದು ಹೆದರಿದೆ. ಅವತ್ತಿನಿಂದ ಯಾವ ಹಗ್ಗವನ್ನೂ ಸಡಿಲ ಬಿಟ್ಟಿಲ್ಲ. ನೀನು ಬರುವುದು ಬೇಡ ಎಂದರೆ ಅದು ನ್ಯಾಯ.

ಬಾಲರಾಜು

---

ಯಲಹಂಕ
27 ಅಕ್ಟೋಬರ್ 2024

ಕಾಗದ ಬಂದದ್ದು ಗುರುವಾರ. ಗೇಟಿನ ಹತ್ತಿರ ನಿಂತೇ ಓದಿದೆ. ಮೂರು ದಿನ ಈಜಲು ಹೋಗಲಿಲ್ಲ, ಒಲೆ ಹಚ್ಚಲಿಲ್ಲ.

ಗಂಟು ಸಡಿಲವಾಯಿತು, ಅದನ್ನು ಕ್ಷಮಿಸಬಹುದೇನೋ. ನೀವೂ ಹುಡುಗರೇ ಆಗ. ಆದರೆ ಸತ್ತವನ ಮೇಲೆ ಬಾಟಲಿ ಹೊರಿಸಿ ಇಪ್ಪತ್ತೆಂಟು ವರ್ಷ ನಮ್ಮ ಮನೆ ಊಟ ಮಾಡಿದಿರಲ್ಲ. ಅಮ್ಮ ದನಿ ತಗ್ಗಿಸಿ ಮಾತಾಡುವಾಗ ಎದುರಿಗೇ ಕೂತು ಮಜ್ಜಿಗೆ ಹಾಕಿಸಿಕೊಂಡಿರಿ. ಆ ಸಿಟ್ಟು ಎಲ್ಲಿ ಇಡಲಿ ಎಂದು ನನಗೆ ಗೊತ್ತಾಗುತ್ತಿಲ್ಲ.

ನಾನು ಬೋಟಿಗೆ ಬರುವುದು ಬಿಡುವುದು ಆಮೇಲಿನ ಮಾತು. ಮೊದಲು ನೀವು ಗಂಗಾನಗರಕ್ಕೆ ಬನ್ನಿ. ನನಗೆ ಬರೆದದ್ದನ್ನೇ ಅಮ್ಮನ ಎದುರು ಕೂತು ಬಾಯಲ್ಲಿ ಹೇಳಿ. ನಾನು ಹೇಳುವುದಿಲ್ಲ. ಅದು ನಿಮ್ಮ ಕೆಲಸ.

ಶಾಂತಲಾ

---

ಕೋಡಿ
30 ಅಕ್ಟೋಬರ್ 2024

ಶಾಂತಾ,

ಭಾನುವಾರ ಬೆಳಗ್ಗೆ ಯಶವಂತಪುರದಲ್ಲಿ ಇಳಿದು ನೇರ ಗಂಗಾನಗರಕ್ಕೆ ಬರುತ್ತೇನೆ. ನೀನು ಅಲ್ಲಿ ಇರು. ನೀನಿಲ್ಲದಿದ್ದರೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಆಮೇಲೆ ಅತ್ತೆ ಏನು ಮಾಡಿದರೂ ಸರಿ.

ಬಾಲರಾಜು

---

ಯಲಹಂಕ
8 ನವೆಂಬರ್ 2024

ಇವರಿಗೆ,

ಭಾನುವಾರ ಅಮ್ಮನ ಮುಂದೆ ಎಲ್ಲ ಹೇಳಿದ ಮೇಲೆ ನೀವು ಅರ್ಧ ಗಂಟೆ ಬಾಗಿಲಾಚೆ ಮೆಟ್ಟಿಲ ಮೇಲೆ ಕೂತು, ಯಾರಿಗೂ ಹೇಳದೆ ಎದ್ದು ಹೋದಿರಿ. ಯಲಹಂಕಕ್ಕೂ ಬರಲಿಲ್ಲ. ವಾಪಸ್ ಕೋಡಿ ಸೇರಿದಿರಿ ಎಂದು ಅತಾವುಲ್ಲಾ ಫೋನ್ ಮಾಡಿ ಹೇಳಿದರು. ಆಮೇಲೆ ಏನಾಯಿತು ಎಂದು ನಿಮಗೆ ತಿಳಿಯಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಮಾತು ಕೇಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡ ಅಮ್ಮ ಸಂಜೆವರೆಗೆ ತೆಗೆಯಲಿಲ್ಲ. ನಾನು, ತಂಗಿ ಬಾಗಿಲು ಬಡಿದು ಬಡಿದು ಸೋತೆವು. ದೀಪ ಹಚ್ಚುವ ಹೊತ್ತಿಗೆ ತಾನೇ ತೆಗೆದಳು. ಮುಖ ತೊಳೆದುಕೊಂಡಿದ್ದಳು. ‘ಅಂಗಾರೆ ನನ್ ಮಗ ಕುಡ್ದಿರ್ನಿಲ್ವಾ?’ ಎಂದು ಕೇಳಿದಳು. ಇಲ್ಲ ಎಂದೆ. ‘ಇನ್ನೊಂದ್ ಸಲ ಏಳು’ ಎಂದಳು. ಹೇಳಿದೆ.

ಮಾರನೇ ದಿನ ಸೊಪ್ಪು ಮಾರುವವಳಿಗೆ ಹೇಳಿದಳು. ಪಕ್ಕದ ಮನೆಯವರಿಗೆ ಹೇಳಿದಳು, ಅವರಿಗೆ ಗಿರಿ ಯಾರೆಂದೇ ಗೊತ್ತಿಲ್ಲ. ಬುಧವಾರ ಆಟೋ ಮಾಡಿಸಿಕೊಂಡು ಯಲಹಂಕಕ್ಕೆ ಬಂದಳು, ಈಗಲೂ ನನ್ನ ಜೊತೆಯೇ ಇದ್ದಾಳೆ. ನನ್ನ ಕೈ ಹಿಡಿದುಕೊಂಡು ಹಳೇ ಬೀದಿಯಲ್ಲಿ ಇನ್ನೂ ಬದುಕಿರುವ ಹಳಬರ ಮನೆಗೆಲ್ಲ ಹೋದಳು. ಕೂರಲಿಲ್ಲ, ಕಾಫಿ ಮುಟ್ಟಲಿಲ್ಲ. ಹೊಸಿಲ ಮೇಲೆ ನಿಂತು ‘ನನ್ ಮಗ ಗಿರಿ ಕುಡ್ದಿರ್ನಿಲ್ಲ ಕಣವ್ವ’ ಎಂದು ಹೇಳುವುದು, ಮುಂದಿನ ಮನೆಗೆ ಹೋಗುವುದು. ಮುನಿವೆಂಕಟಯ್ಯನಿಗೆ ಈಗ ಕಿವಿ ಕೇಳಿಸುವುದಿಲ್ಲ. ಅವನ ಕಿವಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳಿದಳು. ಅವಳ ಬಾಯಲ್ಲಿ ಗಿರಿಯ ಹೆಸರು ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ. ನಿಮ್ಮ ಹೆಸರನ್ನು ಎಲ್ಲಿಯೂ ಎತ್ತಲಿಲ್ಲ. ಎಲ್ಲೋ ಒಂದು ಮನೆಯಲ್ಲಿ ಎತ್ತುತ್ತಾಳೇನೋ ಎಂದು ನಾನು ಹೆದರಿಕೊಂಡೇ ನಡೆದೆ.

ನಿನ್ನೆ ನಾನೇ ಕೇಳಿದೆ, ಅವರಿಗೆ ಏನು ಹೇಳಲಿ ಅಮ್ಮ ಎಂದು. ‘ನಾನಿರೋ ಮನೆಗ್ ಬರೋದ್ ಬ್ಯಾಡ’ ಎಂದಳು. ಅದು ನಾನು ಅಂದುಕೊಂಡದ್ದೇ. ಆಮೇಲೆ, ‘ಕಾಗ್ದ ಬರೀಲಿ’ ಎಂದಳು. ಗಿರಿಯ ಕಡೆಯ ದಿನ ಅವನ ಜೊತೆ ಇದ್ದವರು ನೀವೊಬ್ಬರೇ. ಅವನು ಮನೆ ಬಿಟ್ಟಾಗ ಅಮ್ಮ ಹೊಲದಲ್ಲಿದ್ದಳು. ಇಷ್ಟು ವರ್ಷ ಆ ದಿನವನ್ನು ಯಾರನ್ನೂ ಕೇಳಲು ಅವಳಿಗೆ ಮುಖ ಇರಲಿಲ್ಲ. ಈಗ ಕೇಳುತ್ತಿದ್ದಾಳೆ. ಕೆರೆಗೆ ಯಾವ ದಾರಿಯಲ್ಲಿ ಹೋದಿರಿ, ಅವನು ಯಾವ ಅಂಗಿ ಹಾಕಿದ್ದ, ಏನೇನು ಮಾತಾಡಿದ, ನಕ್ಕನಾ, ಯಾರನ್ನಾದರೂ ನೆನೆಸಿಕೊಂಡನಾ, ಎಲ್ಲ ಬೇಕಂತೆ. ನಾನು ಓದಿ ಹೇಳಬೇಕಂತೆ.

ಬೋಟು ಮಾರಬೇಡಿ. ನಾನು ಬರುತ್ತೇನೆ ಎಂದೂ ಹೇಳಲಾರೆ, ಬರುವುದಿಲ್ಲ ಎಂದೂ ಹೇಳಲಾರೆ. ಆ ಕಾಗದ ಬರಲಿ, ಅಮ್ಮನಿಗೆ ಓದುವಾಗ ನನಗೆ ಏನಾಗುತ್ತದೆ ನೋಡೋಣ. ನೋಟ್‌ಬುಕ್ ಎರಡು ಇದರ ಜೊತೆ ಕಳಿಸಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯಿರಿ, ಸೇರಿಸಿ ಬರೆಯಬೇಡಿ.

ಕವರು ಅಂಟಿಸುತ್ತಿದ್ದೆ, ಅಮ್ಮ ಮತ್ತೆ ಕೂಗಿದಳು. ಅವತ್ತು ಮಧ್ಯಾಹ್ನ ಅವನು ಏನು ಉಂಡಿದ್ದ, ಹೊಟ್ಟೆ ತುಂಬ ಉಂಡನಾ, ಅದನ್ನೂ ಬರೆಯಬೇಕಂತೆ.

ಶಾಂತಲಾ